ಕಲ್ಯಾಣ-ಹುಮನಾಬಾದ ಪ್ರಾಂತದಲ್ಲಿ ಅನ್ನದಾನ: ಸತ್ರದಿಂದ ದಾಸೋಹದವರೆಗೆ

ದಾನವಿಚಾರದಲ್ಲಿ ಧರ್ಮಶಾಸ್ತ್ರಕಾರರು ದೇಶ, ಕಾಲ, ಪಾತ್ರ ಎಂಬ ಮೂರು ಅಂಗಗಳನ್ನು ಮೊದಲು ಪರೀಕ್ಷಿಸುವರು. ಎಲ್ಲಿ, ಯಾವಾಗ, ಯಾರಿಗೆ ಎಂಬ ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆಯದೆ ಕೊಟ್ಟ ಭೂಮಿಯಾಗಲಿ ಗೋವಾಗಲಿ ಸುವರ್ಣವಾಗಲಿ ಪೂರ್ಣಫಲವನ್ನು ಕೊಡದೆಂಬುದು ಅವರ ಮತ. ಅನ್ನದ ವಿಷಯದಲ್ಲಿ ಮಾತ್ರ ಈ ಕಟ್ಟು ಸಡಿಲವಾಗುವುದು. ಹಸಿದವನ ಕುಲವನ್ನೂ ವಿದ್ಯೆಯನ್ನೂ ಕೇಳಬೇಕಾದುದಿಲ್ಲ. ಹಸಿವೇ ಅವನ ಯೋಗ್ಯತೆ. ಸಂಸ್ಕೃತದಲ್ಲಿ ‘ಪಾತ್ರ’ವೆಂಬ ಶಬ್ದಕ್ಕೆ ಪಾತ್ರೆಯೆಂದೂ ಯೋಗ್ಯನಾದ ಪ್ರತಿಗ್ರಾಹಿಯೆಂದೂ ಎರಡರ್ಥಗಳುಂಟು. ಅನ್ನದಾನದಲ್ಲಿ ಇವೆರಡೂ ಒಂದೇ ಆಗುವುವು. ಬರಿದಾದ ಪಾತ್ರೆಯೇ ಯೋಗ್ಯತೆಯ ಗುರುತು.

ಆದರೆ ಹಸಿದವನಿಗೆ ಇಕ್ಕಬೇಕೆಂದು ಒಪ್ಪಿದ ಮಾತ್ರಕ್ಕೆ ವಿಚಾರವು ಮುಗಿಯುವುದಿಲ್ಲ. ಇಕ್ಕುವ ಅನ್ನವು ಯಾವ ಮೂಲದಿಂದ ಬಂದುದು, ಇಕ್ಕುವವನು ಎಲ್ಲಿ ನಿಂತಿರುವನು, ಉಣ್ಣುವವನು ಎಲ್ಲಿ ಕುಳಿತಿರುವನು ಎಂಬ ಪ್ರಶ್ನೆಗಳು ಉಳಿಯುವುವು. ಈ ಪ್ರಶ್ನೆಗಳಿಗೆ ಸುಮಾರು ಒಂಬೈನೂರು ವರುಷಗಳ ಅವಧಿಯಲ್ಲಿ ಬೇರೆ ಬೇರೆ ಉತ್ತರಗಳನ್ನು ಕೊಟ್ಟ ಪ್ರದೇಶವೊಂದು ಕನ್ನಡ ನಾಡಿನ ಈಶಾನ್ಯದ ಅಂಚಿನಲ್ಲಿದೆ. ಅದು ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದಗಳ ನಡುವಣ ಭೂಮಿ. ಎರಡೂರುಗಳಿಗೆ ನಡುವೆ ಒಂದು ದಿನದ ಕಾಲುನಡಿಗೆಯಷ್ಟು ದಾರಿ. ಜೋಳ, ತೊಗರಿ, ಕಡಲೆಗಳು ಬೆಳೆಯುವ, ಮಳೆಯನ್ನೇ ನಂಬಿದ ಈ ನೆಲದಲ್ಲಿ ಹಸಿವೂ ಹೊಸದಲ್ಲ, ಹಸಿವಿಗೆ ಉತ್ತರವನ್ನು ಹುಡುಕಿದುದೂ ಹೊಸದಲ್ಲ.

೧. ಶಾಸ್ತ್ರಗ್ರಂಥಗಳ ಸಾಕ್ಷ್ಯ

ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ (ಕ್ರಿ. ಶ. ೧೦೪೨-೧೦೬೮) ಕಲ್ಯಾಣವು ರಾಜಧಾನಿಯಾಯಿತು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬-೧೧೨೬) ಅಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಭಾರತದ ನ್ಯಾಯಾಲಯಗಳವರೆಗೂ ಪ್ರಮಾಣವಾಗಿ ನಿಂತ ಈ ಗ್ರಂಥದಲ್ಲಿ ಅನ್ನವಿಭಾಗದ ಮಾತೂ ಇರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಆಚಾರಾಧ್ಯಾಯದಲ್ಲಿ ಗೃಹಸ್ಥನು ಉಣ್ಣಬೇಕಾದ ಕ್ರಮವು ಹೇಳಲ್ಪಟ್ಟಿದೆ. ಬಾಲಕರು, ತವರಿನಲ್ಲಿರುವ ಮದುವೆಯಾದ ಹೆಣ್ಣುಮಕ್ಕಳು, ಮುದುಕರು, ಗರ್ಭಿಣಿಯರು, ರೋಗಿಗಳು, ಕನ್ಯೆಯರು ಇವರಿಗೆ ಮೊದಲು. ಆಮೇಲೆ ಅತಿಥಿಗಳಿಗೂ ಆಳುಗಳಿಗೂ. ಉಳಿದುದನ್ನು ಗಂಡಹೆಂಡಿರು ಉಣ್ಣತಕ್ಕದ್ದು. ಸಂಜೆಯ ಹೊತ್ತಿನಲ್ಲಿ ಬಂದ ಅತಿಥಿಯನ್ನು ಹಿಂದಕ್ಕೆ ಕಳುಹಿಸಲಾಗದು. ಮನೆಯ ಯಜಮಾನನು ಪಂಕ್ತಿಯ ಕೊನೆಯವನೆಂಬ ಈ ವಿಧಿಯು ಬಹು ಉದಾತ್ತವಾದುದು.

ಅದೇ ಪ್ರಕರಣದಲ್ಲಿ ಬಲಿಹರಣದ ವಿಧಿಯೂ ಇದೆ. ನಾಯಿಗಳಿಗೂ ಚಂಡಾಲರಿಗೂ ಕಾಗೆಗಳಿಗೂ ಅನ್ನವನ್ನು ನೆಲದ ಮೇಲೆ ಇಡಬೇಕೆಂದು ಅಲ್ಲಿ ಹೇಳಿದೆ. ಯಾರನ್ನೂ ಹಸಿದಿರಿಸಲಾಗದೆಂಬ ಅನುಕಂಪವು ಈ ವಿಧಿಯ ಹಿಂದೆ ಇರುವುದು ನಿಜ. ಆದರೆ ಮನುಷ್ಯರ ಒಂದು ವರ್ಗವನ್ನು ನಾಯಿ ಕಾಗೆಗಳ ಸಾಲಿನಲ್ಲೆಣಿಸಿ, ಅವರ ತುತ್ತನ್ನು ಕೈಗೆ ಕೊಡದೆ ನೆಲಕ್ಕಿಟ್ಟುದೂ ಅಷ್ಟೇ ನಿಜ. ಹೊಟ್ಟೆಯನ್ನು ತುಂಬಿಸಿ ಮಾನವನ್ನು ಕಳೆಯುವ ದಾನವೊಂದುಂಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ. ಕಲ್ಯಾಣದ ಮುಂದಿನ ಇತಿಹಾಸವನ್ನು ತಿಳಿಯಬೇಕಾದರೆ ಈ ಮಾತನ್ನು ಮರೆಮಾಚದೆ ಎದುರಿಗಿಟ್ಟುಕೊಳ್ಳಬೇಕು.

ವ್ಯವಹಾರಾಧ್ಯಾಯದಲ್ಲಿ ಇನ್ನೊಂದು ಕಟ್ಟಳೆಯಿದೆ. ತನ್ನ ಕುಟುಂಬಕ್ಕೆ ವಿರೋಧವಾಗದಂತೆ ತನ್ನದನ್ನು ಕೊಡಬಹುದು. ಸಂತತಿಯಿರುವಾಗ ಸರ್ವಸ್ವವನ್ನೂ ಕೊಡಲಾಗದು. ಹೆಂಡಿರು ಮಕ್ಕಳನ್ನು ಉಪವಾಸ ಕೆಡವಿ ಕೀರ್ತಿಗಾಗಿ ಕೊಡುವವನನ್ನು ಶಾಸ್ತ್ರವು ತಡೆಯುವುದು. ದಾನವು ಉಳಿದುದರಿಂದ ನಡೆಯತಕ್ಕದ್ದೆಂಬುದು ಇದರ ತಾತ್ಪರ್ಯ. ಹಾಗಾದರೆ ಏನೂ ಉಳಿಯದ ಬಡವನು ದಾತೃವಾಗಲಾರನೆ? ಈ ಪ್ರಶ್ನೆಯನ್ನು ಸ್ಮೃತಿಯು ಎತ್ತಲಿಲ್ಲ. ಅದನ್ನು ಎತ್ತಿದವರು ಎರಡು ತಲೆಮಾರುಗಳ ಅನಂತರ ಅದೇ ಪಟ್ಟಣಕ್ಕೆ ಬಂದ ಶರಣರು.

ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ವು (ಶಾ. ಶ. ೧೦೫೧, ಎಂದರೆ ಕ್ರಿ. ಶ. ೧೧೨೯) ರಾಜನ ಕಡೆಯಿಂದ ಈ ವಿಷಯವನ್ನು ನೋಡುವುದು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಗ್ರಂಥವು ಪಾಕಶಾಸ್ತ್ರದ ದೃಷ್ಟಿಯಿಂದ ಪ್ರಸಿದ್ಧವಾಗಿದೆ. ಇಡ್ಡಲಿ, ದೋಸೆ, ವಡೆ, ಮಂಡಿಗೆಗಳ ಪೂರ್ವರೂಪಗಳು ಅದರ ಅನ್ನಭೋಗಪ್ರಕರಣದಲ್ಲಿ ದೊರೆಯುವುವು. ಆದರೆ ಆ ಪ್ರಕರಣವು ಇರುವುದು ಮೂರನೆಯ ವಿಂಶತಿಯಲ್ಲಿ. ಮೊದಲನೆಯ ವಿಂಶತಿಯು ರಾಜ್ಯಪ್ರಾಪ್ತಿಗೆ ಕಾರಣವಾದ ಗುಣಗಳನ್ನು ಹೇಳುವುದು. ಸತ್ಯ, ಅದ್ರೋಹ, ದಾನ, ಪ್ರಿಯವಚನ, ಅತಿಥಿಪೂಜೆಗಳೊಡನೆ ದೀನರು, ಅನಾಥರು, ಆರ್ತರು, ಬಂಧುಗಳು, ಭೃತ್ಯರು ಇವರ ಪೋಷಣೆಯೂ ಅಲ್ಲಿಯೇ ಪರಿಗಣಿತವಾಗಿದೆ. ಗ್ರಂಥದ ಈ ಅನುಕ್ರಮವೇ ಒಂದು ಉಪದೇಶ. ದೀನರನ್ನು ಪೋಷಿಸುವುದು ಅರಸನಾಗುವುದಕ್ಕೆ ಸಾಧನ. ಅರಸನ ಭೋಜನವು ಅರಸನಾದ ಮೇಲಿನ ಮಾತು. ತಟ್ಟೆಯ ತುಂಬ ಬಗೆಬಗೆಯ ಭಕ್ಷ್ಯಗಳನ್ನು ವರ್ಣಿಸಿದ ಚಕ್ರವರ್ತಿಯು ಅವುಗಳಿಗೆ ಮುಂಚೆ ಹಸಿದವನನ್ನು ನೆನೆದನೆಂಬುದು ಸಣ್ಣ ಸಂಗತಿಯಲ್ಲ.

೨. ಶಾಸನಗಳ ಸಾಕ್ಷ್ಯ

ಗ್ರಂಥಗಳ ಮಾತು ಆಚರಣೆಯಲ್ಲಿ ಹೇಗೆ ನಡೆಯಿತೆಂಬುದನ್ನು ಕಲ್ಲುಗಳು ತಿಳಿಸುವುವು. ಆ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತುಗಳ ಜೊತೆಗೆ ತಪೋಧನರ ಆಹಾರದಾನ, ವಿದ್ಯಾರ್ಥಿಗಳ ಅಶನವಸನ, ಸತ್ರ ಎಂಬ ಮಾತುಗಳು ಮತ್ತೆ ಮತ್ತೆ ಬರುವುವು. ಜೈನಶಾಸನಗಳಲ್ಲಿಯೂ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರವೇ ಮೊದಲನೆಯದಾಗಿ ಎಣಿಸಲ್ಪಡುವುದುಂಟು. ಸತ್ರವು ನಡೆಯುತ್ತಿದ್ದ ಬಗೆ ಹೀಗೆ: ದಾತೃವು ಇಂತಿಷ್ಟು ಮತ್ತರು ಭೂಮಿಯನ್ನು ದೇವಾಲಯಕ್ಕೋ ಮಠಕ್ಕೋ ಧಾರಾಪೂರ್ವಕವಾಗಿ ಬಿಡುವನು, ವರ್ತಕರು ಹೇರಿಗೆ ಇಷ್ಟು, ಗಾಣಿಗರು ಗಾಣಕ್ಕೆ ಇಷ್ಟು ಎಣ್ಣೆ ಎಂದು ಕಟ್ಟುಮಾಡಿಕೊಳ್ಳುವರು, ಸ್ಥಾನಾಚಾರ್ಯನು ಹುಟ್ಟುವಳಿಯನ್ನು ಪಡೆದು ಅನ್ನವನ್ನು ನಡೆಸುವನು, ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂದು ಕೊನೆಗೆ ಶಾಪವನ್ನು ಬರೆಯಿಸುವರು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ನಾಗಾವಿಯ ಘಟಿಕಾಸ್ಥಾನದಲ್ಲಿ, ಕ್ರಿ. ಶ. ೧೦೫೮ರ ಶಾಸನದ ಪ್ರಕಾರ, ಇನ್ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೆ ವಿದ್ಯೆಯೊಡನೆ ಊಟವೂ ದೊರೆಯುತ್ತಿತ್ತು.

ಆದರೆ ಅಲ್ಲಿ ಉಂಡವರು ಓದುವವರು. ಓದದವರ, ದಿಕ್ಕಿಲ್ಲದವರ ಗತಿಯೇನೆಂಬುದಕ್ಕೆ ಬಳ್ಳಿಗಾವೆಯ ಕೋಡಿಯಮಠದ ಶಾಸನವು ಉತ್ತರ ಕೊಡುವುದು. ಬಳ್ಳಿಗಾವೆಯು ಕಲ್ಯಾಣದಿಂದ ದೂರದ ಬನವಾಸಿ ನಾಡಿನಲ್ಲಿದ್ದರೂ ಈ ಶಾಸನವು (ಕ್ರಿ. ಶ. ೧೧೬೨) ಕಲ್ಯಾಣವನ್ನಾಳುತ್ತಿದ್ದ ಕಲಚುರಿ ಬಿಜ್ಜಳನ ಕಾಲದ್ದು, ಆದಕಾರಣ ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪವಾದುದು. ಕಾಳಾಮುಖ ಆಚಾರ್ಯರ ಆ ಮಠವನ್ನು ವರ್ಣಿಸುವಾಗ ಶಾಸನಕವಿಯು ಮೊದಲು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನ, ಕಾವ್ಯಗಳ ಪಾಠವನ್ನು ಹೊಗಳಿ, ಬಳಿಕ ಅಲ್ಲಿ ಅನ್ನ ಪಡೆಯುತ್ತಿದ್ದವರನ್ನು ಎಣಿಸುತ್ತ ಹೋಗುವನು. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕುಣಿಯುವವರು. ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು, ನಾನಾದೇಶಗಳಿಂದ ಬಂದ ಭಿಕ್ಷುಕರು. ರೋಗಿಗಳಿಗೆ ಔಷಧವೂ ಭಯಪಟ್ಟವರಿಗೆ ಆಶ್ರಯವೂ ಅಲ್ಲಿತ್ತು.

ಈ ಪಟ್ಟಿಯಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಶೈವಮಠವು ಜೈನಯತಿಗಳಿಗೂ ಅನ್ಯಮತದ ಸಂನ್ಯಾಸಿಗಳಿಗೂ ಅನ್ನವಿಕ್ಕುತ್ತಿತ್ತೆಂಬುದು ಮೊದಲನೆಯದು. ವಿದ್ವಾಂಸನೂ ಕುರುಡನೂ ಒಂದೇ ಮಠದ ಅನ್ನಕ್ಕೆ ಬಾಧ್ಯರಾಗಿದ್ದರೆಂಬುದು ಎರಡನೆಯದು. ಹಸಿವೇ ಪಾತ್ರತೆಯೆಂಬ ಸೂತ್ರವು ಇಲ್ಲಿ ನಡೆನುಡಿಯಾಗಿ ಕಾಣುವುದು.

ಹೀಗಿದ್ದರೂ ಸತ್ರದ ವ್ಯವಸ್ಥೆಗೆ ಒಂದು ಮಿತಿಯಿತ್ತು. ಅನ್ನವು ಅರಸನ ಅಥವಾ ಸಾಮಂತನ ಭೂಮಿಯಿಂದ ಬರುತ್ತಿತ್ತು. ಕೊಟ್ಟವನ ಹೆಸರು ಕಲ್ಲಿನಲ್ಲಿ ಉಳಿಯಿತು; ಉಂಡವನ ಹೆಸರು ಎಲ್ಲಿಯೂ ಇಲ್ಲ. ಕೊಡುವವನು ಯಾವಾಗಲೂ ಕೊಡುವವನೇ, ಉಣ್ಣುವವನು ಯಾವಾಗಲೂ ಉಣ್ಣುವವನೇ. ಈ ಎರಡು ದಡಗಳ ನಡುವೆ ಸೇತುವೆಯಿರಲಿಲ್ಲ.

೩. ಮಹಾಮನೆಯ ದಾಸೋಹ

ಅದೇ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮಹಾಮನೆಯಲ್ಲಿ ಇಂಥ ಸೇತುವೆಯೊಂದು ಹುಟ್ಟಿತೆಂದು ಹೇಳಬಹುದು. ಅದರ ಹೆಸರು ದಾಸೋಹ. ‘ದಾಸಃ ಅಹಂ’ ಎಂಬೆರಡು ಸಂಸ್ಕೃತಪದಗಳು ಕೂಡಿ ‘ದಾಸೋಽಹಂ’ ಎಂದಾಗಿ, ‘ನಾನು ದಾಸನು’ ಎಂಬ ವಾಕ್ಯವೇ ಕನ್ನಡದಲ್ಲಿ ನಾಮಪದವಾಯಿತು. ವಾಕ್ಯವೊಂದು ಊಟದ ಹೆಸರಾದುದು ಭಾಷಾದೃಷ್ಟಿಯಿಂದ ವಿರಳವಾದ ಸಂಗತಿ. ‘ದಾನ’ವೆಂಬ ಪದದಲ್ಲಿ ಕೊಡುವ ಕೈ ಮೇಲಿರುವುದು, ಪಡೆಯುವ ಕೈ ಕೆಳಗಿರುವುದು. ‘ದಾಸೋಹ’ದಲ್ಲಿ ಕೊಡುವವನು ತನ್ನನ್ನೇ ಸೇವಕನೆಂದು ಹೇಳಿಕೊಂಡು ಕೆಳಗೆ ನಿಲ್ಲುವನು. ಪದವು ಬದಲಾದಾಗ ನಿಲುವೂ ಬದಲಾಯಿತು.

ಶರಣರ ಚರಿತ್ರೆಯ ಆಧಾರಗಳನ್ನು ವಿವೇಚನೆಯಿಂದ ಬಳಸಬೇಕು. ವಚನಗಳು ಆ ಕಾಲದವು. ಹರಿಹರನ ಬಸವರಾಜದೇವರ ರಗಳೆ ಅವುಗಳಿಗೆ ಹತ್ತಿರದ್ದು. ಭೀಮಕವಿಯ ಬಸವಪುರಾಣವು ಕ್ರಿ. ಶ. ೧೩೬೯ರದು, ಶೂನ್ಯಸಂಪಾದನೆಗಳು ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದುವು. ಹಿಂದಿನ ಕಾಲವನ್ನು ಕುರಿತು ಅವು ಹೇಳುವ ಪ್ರಸಂಗಗಳಲ್ಲಿ ಪವಾಡದ ಅಂಶವನ್ನು ಬಿಟ್ಟರೂ, ಶರಣಸಮಾಜವು ಅನ್ನವನ್ನು ಕುರಿತು ಯಾವ ತತ್ತ್ವವನ್ನು ಜೋಪಾನಮಾಡಿತೆಂಬುದು ಸ್ಪಷ್ಟವಾಗಿ ಉಳಿಯುವುದು.

ಆಯ್ದಕ್ಕಿ ಮಾರಯ್ಯನ ಕಥೆಯು ಇದಕ್ಕೆ ಮೊದಲ ಸಾಕ್ಷಿ. ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಕಡುಬಡವರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಹೆಂಡತಿ ಲಕ್ಕಮ್ಮನು ಅದನ್ನು ಕಂಡು, ಬೇಕಾದುದಕ್ಕಿಂತ ಮಿಗಿಲಾದುದು ತಮಗೆ ಸಲ್ಲದೆಂದು ಹೇಳಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಹಿಂದಕ್ಕೆ ಕಳುಹಿಸಿದಳು. ಸ್ಮೃತಿಯು ಉಳಿದುದರಿಂದ ದಾನ ಮಾಡೆಂದಿತ್ತು. ಲಕ್ಕಮ್ಮನ ನ್ಯಾಯದಲ್ಲಿ ಉಳಿಯುವಷ್ಟು ತರುವುದೇ ತಪ್ಪು. ಒಬ್ಬನ ಮನೆಯಲ್ಲಿ ಮಿಕ್ಕುದು ಇನ್ನೊಬ್ಬನ ಮನೆಯಲ್ಲಿ ಕಡಮೆಯಾದುದೆಂಬ ತಿಳಿವಳಿಕೆಯು ಈ ಒಂದು ಪ್ರಸಂಗದಲ್ಲಿ ಅಡಗಿದೆ. ಅರಸನ ಮಂತ್ರಿಯ ಅಂಗಳದಿಂದ ಬಂದ ಅಕ್ಕಿಯನ್ನು ಬಡವಳೊಬ್ಬಳು ಹಿಂದಿರುಗಿಸಿದುದನ್ನು ಶರಣಪರಂಪರೆಯು ಇಂದಿಗೂ ಹೆಮ್ಮೆಯಿಂದ ನೆನೆಯುವುದು.

ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಿಂದ ದಾಸೋಹವನ್ನು ನಡೆಸುತ್ತಿದ್ದನು. ಇವನ ಕಥೆಯಲ್ಲಿ ಲಿಂಗದೇವನೂ ಕಾಯಕದಿಂದ ತಪ್ಪಿಸಿಕೊಳ್ಳುವಂತಿಲ್ಲ. ದುಡಿಮೆಯಿಂದ ಬರದ ಅನ್ನವು ದಾಸೋಹಕ್ಕೆ ಸಲ್ಲದೆಂಬುದು ಇದರ ಅಭಿಪ್ರಾಯ.

ಕಲ್ಯಾಣವನ್ನೂ ಹುಮನಾಬಾದವನ್ನೂ ಈ ವಿಷಯದಲ್ಲಿ ಒಂದುಗೂಡಿಸುವವನು ಮೋಳಿಗೆಯ ಮಾರಯ್ಯನು. ಕಾಶ್ಮೀರದ ಅರಸುತನವನ್ನು ತೊರೆದು ಮಡದಿ ಮಹಾದೇವಿಯೊಡನೆ ಬಂದ ಇವನು ಕಾಡಿನಿಂದ ಸೌದೆಯ ಹೊರೆಯನ್ನು ತಂದು ಮಾರಿ ಬದುಕಿದನೆಂದು ಚರಿತ್ರೆಗಳು ಹೇಳುವುವು. ‘ಮೋಳಿಗೆ’ಯೆಂದರೆ ಸೌದೆಯ ಹೊರೆ. ಹುಮನಾಬಾದ ತಾಲೂಕಿನ ಮೊಳಕೇರಿಯಲ್ಲಿ ಅವನದೆಂದು ತೋರಿಸುವ ಗವಿಯಿದೆ. ಮಾರಯ್ಯನ ಮನೆಯಲ್ಲಿ ಜಂಗಮರಿಗೆ ದೊರೆಯುತ್ತಿದ್ದುದು ಪಕ್ವಾನ್ನವಲ್ಲ, ಅಂಬಲಿ. ಆ ಅಂಬಲಿಯ ರುಚಿಯನ್ನು ಕೇಳಿ ಬಸವಣ್ಣನು ಜಂಗಮವೇಷದಿಂದ ಹೋಗಿ ಉಂಡು, ಅವರ ಬಡತನಕ್ಕೆ ಮರುಗಿ ಹೊನ್ನನ್ನು ಗುಟ್ಟಾಗಿ ಇಟ್ಟು ಬಂದನು. ಮಾರಯ್ಯನು ಮನೆಗೆ ಬಂದು ಹೊನ್ನನ್ನು ಕಂಡು, ಅದನ್ನು ತನಗಾಗಿ ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟನು. ಅಂಬಲಿಯನ್ನಿಕ್ಕಬಲ್ಲವನಿಗೆ ಹೊನ್ನಿನ ದಯೆಯು ಭಾರವಾಯಿತು. ದಯೆಯೂ ಒಮ್ಮೊಮ್ಮೆ ಅವಮಾನವಾಗಬಲ್ಲುದೆಂಬುದನ್ನು ಬಸವಣ್ಣನಂಥವನಿಗೂ ಸೌದೆ ಹೊರುವವನು ಕಲಿಸಿದನೆಂಬುದೇ ಈ ಪ್ರಸಂಗದ ಸಾರ.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ಅಂದಿನ ದಾಸೋಹವು ಜಂಗಮಾರ್ಚನೆಯೇ ಹೊರತು ಬಡವರ ಪೋಷಣೆಯಲ್ಲವೆಂದೂ, ಅದನ್ನು ಇಂದಿನ ಲೋಕೋಪಕಾರದೊಡನೆ ಸಮೀಕರಿಸುವುದು ಸಲ್ಲದೆಂದೂ ಹೇಳಬಹುದು. ಈ ಆಕ್ಷೇಪವು ಅರ್ಧದಷ್ಟು ಯುಕ್ತವಾಗಿದೆ. ದಾಸೋಹದ ಉದ್ದೇಶವು ಭಕ್ತಿ. ಉಣ್ಣುವವನು ಜಂಗಮನೆಂಬ ಭಾವನೆಯಿಂದಲೇ ಇಕ್ಕುತ್ತಿದ್ದರು. ಉಣ್ಣುವವರ ಪಟ್ಟಿಯನ್ನು ಮಾತ್ರ ನೋಡಿದರೆ ಕೋಡಿಯಮಠದ ಪಟ್ಟಿಯೇ ವಿಶಾಲವಾದುದು. ಆದರೆ ಇಕ್ಕುವವರ ಪಟ್ಟಿಯನ್ನು ನೋಡಿದರೆ ವಿಷಯವು ಬೇರೆಯಾಗಿ ಕಾಣುವುದು. ಅಕ್ಕಿ ಆಯುವವನು, ಹಗ್ಗ ಹೊಸೆಯುವವನು, ಸೌದೆ ಹೊರುವವನು ಇವರೆಲ್ಲರೂ ಇಲ್ಲಿ ದಾತೃಗಳು. ಸತ್ರದ ಕಾಲದಲ್ಲಿ ಇವರು ಸಾಲಿನಲ್ಲಿ ಕುಳಿತು ಉಣ್ಣಬೇಕಾಗಿದ್ದವರು. ಬಡವನೂ ಇಕ್ಕಬಲ್ಲನೆಂಬುದೇ ಹನ್ನೆರಡನೆಯ ಶತಮಾನದ ಕಲ್ಯಾಣವು ಅನ್ನದಾನದ ಚರಿತ್ರೆಗೆ ಕೊಟ್ಟ ಹೊಸ ಅಂಶ.

ಇದರ ಇನ್ನೊಂದು ಮುಖವು ಶಿವನಾಗಮಯ್ಯನ ಪ್ರಸಂಗದಲ್ಲಿ ಕಾಣುವುದು. ಅಸ್ಪೃಶ್ಯನೆನಿಸಿದ್ದ ಈ ಭಕ್ತನಲ್ಲಿ ಬಸವಣ್ಣನು ಬಳಕೆಯಿಟ್ಟನೆಂದು ಕೆಲವರು ಬಿಜ್ಜಳನಲ್ಲಿ ದೂರಿದರೆಂದು ಬಸವಚರಿತ್ರೆಗಳು ಹೇಳುವುವು. ಯಾರ ತುತ್ತನ್ನು ನೆಲದ ಮೇಲಿಡಬೇಕೆಂದು ಸ್ಮೃತಿಯು ವಿಧಿಸಿತ್ತೋ ಅವರೊಡನೆ ಅರಸನ ಭಂಡಾರಿಯು ಬೆರೆತುದೇ ಆ ದೂರಿನ ಮೂಲ. ಇಕ್ಕುವುದನ್ನು ಯಾರೂ ಆಕ್ಷೇಪಿಸಲಿಲ್ಲ. ಕೂಡಿ ಬಾಳುವುದನ್ನು ಆಕ್ಷೇಪಿಸಿದರು. ರಾಜಭಂಡಾರದ ಹಣವನ್ನು ದಾಸೋಹಕ್ಕೆ ಸುರಿಯುತ್ತಿರುವನೆಂಬ ಇನ್ನೊಂದು ದೂರೂ ಬಂದಿತು. ಲೆಕ್ಕವನ್ನು ನೋಡಲಾಗಿ ಭಂಡಾರವು ಸರಿಯಾಗಿತ್ತೆಂದು ಕಥೆ. ಪರರ ಹಣದಿಂದ ಪುಣ್ಯವನ್ನು ಗಳಿಸಲಾಗದೆಂಬ ಎಚ್ಚರವು ಈ ಕಥೆಯಲ್ಲಿದೆ.

೪. ಅನಂತರದ ಶತಮಾನಗಳು

ಕಲ್ಯಾಣದ ವೈಭವವು ಹನ್ನೆರಡನೆಯ ಶತಮಾನದೊಡನೆ ಮುಗಿಯಿತು. ನಾಡು ಬಹಮನಿ, ಬರೀದಶಾಹಿ, ಆದಿಲಶಾಹಿ, ಮೊಗಲ, ನಿಜಾಮರ ಕೈಗಳಿಗೆ ಕ್ರಮವಾಗಿ ಹೋಯಿತು. ಅರಸರು ಬದಲಾದರೂ ಅನ್ನವಿಕ್ಕುವ ಪದ್ಧತಿಯು ನಿಲ್ಲಲಿಲ್ಲ. ಹೆಸರುಗಳು ಮಾತ್ರ ಹೆಚ್ಚಿದುವು. ಬಹಮನಿ ಎರಡನೆಯ ಮಹಮ್ಮದಶಹನು (೧೩೭೮-೧೩೯೭) ಬರಗಾಲದಲ್ಲಿ ಮಾಳವ ಗುಜರಾತಗಳಿಂದ ಎತ್ತುಗಳ ಮೇಲೆ ಧಾನ್ಯವನ್ನು ತರಿಸಿದನೆಂದೂ, ಕಲಬುರಗಿ ಬೀದರಗಳೇ ಮೊದಲಾದ ಪಟ್ಟಣಗಳಲ್ಲಿ ಅನಾಥ ಬಾಲಕರಿಗೆ ಪಾಠಶಾಲೆಗಳನ್ನು ಸ್ಥಾಪಿಸಿದನೆಂದೂ ಇತಿಹಾಸಕಾರನಾದ ಫಿರಿಸ್ತನು ಬರೆದಿರುವನು. ಸೂಫಿಗಳ ದರ್ಗಗಳಲ್ಲಿ ಲಂಗರವು ನಡೆಯಿತು. ಬೀದರದ ನಾನಕಝೀರಾದಲ್ಲಿ ಗುರುನಾನಕರ ಹೆಸರಿನಲ್ಲಿ ನಡೆಯುವ ಲಂಗರದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುವರು. ಸ್ಮೃತಿಯ ಕಾಲದಲ್ಲಿ ಅನ್ನವನ್ನು ನೆಲಕ್ಕಿಟ್ಟುದು ಕೀಳುತನದ ಗುರುತಾಗಿದ್ದರೆ ಇಲ್ಲಿ ಎಲ್ಲರೂ ನೆಲಕ್ಕೆ ಕುಳಿತುದು ಸಮಾನತೆಯ ಗುರುತಾಯಿತು.

ಕಲಬುರಗಿಯ ಶರಣಬಸವೇಶ್ವರರು (೧೭೪೬-೧೮೨೨) ದಾಸೋಹದ ಹಳೆಯ ಅರ್ಥವನ್ನು ಪುನಃ ಬೆಳಗಿಸಿದರು. ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದಾಗ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇಟ್ಟರೆಂಬುದು ಜನಪ್ರಸಿದ್ಧವಾದ ಕಥೆ. ಅವರ ದಾಸೋಹವೂ ಒಕ್ಕಲಿಗನ ಕಣದಿಂದ ಹೊರಟಿತೆಂಬುದು ಗಮನಿಸತಕ್ಕ ವಿಷಯ.

ಕಲ್ಯಾಣದ ಮಣ್ಣಿನಲ್ಲಿ ಹುಟ್ಟಿ ಹುಮನಾಬಾದದಲ್ಲಿ ನೆಲೆಸಿದ ಮಾಣಿಕಪ್ರಭುಗಳು ಈ ಪರಂಪರೆಗೆ ಇನ್ನೊಂದು ರೂಪವನ್ನು ಕೊಟ್ಟರು. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ೧೮೧೭ರ ದತ್ತಜಯಂತಿಯ ದಿನ ಜನಿಸಿದ ಇವರ ಬಾಲ್ಯವು ಕಲ್ಯಾಣದಲ್ಲಿ ಕಳೆಯಿತು. ೧೮೪೫ರಲ್ಲಿ ಹುಮನಾಬಾದದ ಬಳಿ ನೆಲೆಸಿದರು. ಆ ಸ್ಥಳವೇ ಮಾಣಿಕನಗರವಾಯಿತು. ೧೮೬೫ರಲ್ಲಿ ಸಮಾಧಿಸ್ಥರಾದರು. ಎಲ್ಲ ಮತಗಳೂ ಒಂದೇ ಸತ್ಯವನ್ನು ಹೇಳುವುವೆಂಬ ಇವರ ‘ಸಕಲಮತ’ ಸಿದ್ಧಾಂತಕ್ಕನುಸಾರವಾಗಿ ಹಿಂದೂಗಳೂ ಮುಸಲ್ಮಾನರೂ ಲಿಂಗಾಯತರೂ ಅಲ್ಲಿಗೆ ಬರುತ್ತಿದ್ದರು. ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿ ಹಾಡಿದವರ ಬಾಗಿಲಿಗೆ ಅಷ್ಟೂ ಭಾಷೆಗಳ ಹಸಿದವರು ಬಂದುದು ಸಹಜವೇ. ಮುಂಬಯಿ-ಹೈದರಾಬಾದ ದಾರಿಯೂ ಬೀದರ-ಕಲಬುರಗಿಯ ದಾರಿಯೂ ಕೂಡುವ ಹುಮನಾಬಾದದಲ್ಲಿ ದಾರಿಗರಿಗೆ ಎಂದೂ ಕಡಮೆಯಿರಲಿಲ್ಲ. ಮಾಣಿಕನಗರದ ಪಾಕಶಾಲೆಗೆ ‘ಭಂಡಾರಖಾನೆ’ಯೆಂದು ಹೆಸರು. ‘ಭಂಡಾರ’ವು ಸಂಸ್ಕೃತದ ‘ಭಾಂಡಾಗಾರ’ದಿಂದ ಬಂದುದು, ‘ಖಾನೆ’ಯು ಫಾರಸಿಯ ಶಬ್ದ. ಬಸವಣ್ಣನ ‘ಭಂಡಾರಿ’ ಪದವಿಯ ಶಬ್ದವೇ ಏಳುನೂರು ವರುಷಗಳ ಬಳಿಕ ಫಾರಸಿಯೊಡನೆ ಬೆರೆತು ಅಡಿಗೆಮನೆಯ ಹೆಸರಾಗಿ ನಿಂತುದು ಈ ನಾಡಿನ ಚರಿತ್ರೆಯನ್ನೇ ಸಂಕ್ಷೇಪವಾಗಿ ಹೇಳುವಂತಿದೆ. ದತ್ತಜಯಂತಿಯ ಉತ್ಸವದಲ್ಲಿ ಅಲ್ಲಿ ನಡೆಯುವ ‘ದಕ್ಷಿಣಾ ದರಬಾರ’ದ ಹೆಸರಿನಲ್ಲಿಯೂ ಇದೇ ಬೆರಕೆಯುಂಟು.

೫. ಬರಗಾಲವೂ ದಾನದ ಮಿತಿಯೂ

ಇಷ್ಟೆಲ್ಲ ಸತ್ರಗಳೂ ದಾಸೋಹಗಳೂ ಲಂಗರಗಳೂ ಇದ್ದ ಮೇಲೆ ಜನರು ಹಸಿವಿನಿಂದ ಸಾಯಬಾರದಾಗಿತ್ತು. ಆದರೂ ಸತ್ತರು. ದಾನದ ಚರಿತ್ರೆಯನ್ನು ಬರೆಯುವವರು ಈ ಸಂಗತಿಯನ್ನು ಬಿಟ್ಟುಬಿಡಲಾಗದು. ದುರ್ಗಾದೇವಿಯ ಬರವೆಂದು ದಖನ್ನಿನವರು ನೆನೆಯುವ ೧೩೯೬ರಿಂದ ಮೊದಲಾದ ಕ್ಷಾಮ, ೧೬೩೦-೩೨ರ ಕ್ಷಾಮ, ೧೭೯೧-೯೨ರ ಡೋಗಿ ಬರ, ಧಾತು ಈಶ್ವರ ಸಂವತ್ಸರಗ��� (೧೮೭೬-೭೮) ಮಹಾಕ್ಷಾಮ ಇವು ಒಂದಾದ ಮೇಲೊಂದು ಬಂದುವು. ಧಾತುಬರದ ಪರಿಣಾಮವಾಗಿ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ೫೦ ಲಕ್ಷಕ್ಕೂ ಮಿಕ್ಕಿದ್ದುದು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಕಲ್ಯಾಣ ಹುಮನಾಬಾದಗಳು ಸೇರಿದ್ದ ನಿಜಾಮರ ರಾಜ್ಯದಲ್ಲಿ ಮೊದಲನೆಯ ಜನಗಣತಿಯು ನಡೆದುದು ೧೮೮೧ರಲ್ಲಿ, ಎಂದರೆ ಕ್ಷಾಮವು ಮುಗಿದ ಮೇಲೆ. ಸತ್ರದ ಕಲ್ಲಿನಲ್ಲಿ ಉಂಡವರ ಹೆಸರಿಲ್ಲದಂತೆಯೇ ಇಲ್ಲಿ ಉಣ್ಣದೆ ಹೋದವರ ಎಣಿಕೆಯೂ ಇಲ್ಲ.

ದಾನವು ಬರವನ್ನು ಏಕೆ ತಡೆಯಲಾರದೆಂಬುದಕ್ಕೆ ಕಾರಣವು ಅದರ ರಚನೆಯಲ್ಲಿಯೇ ಇದೆ. ಸತ್ರಕ್ಕೆ ಬಿಟ್ಟ ಮತ್ತರು ಭೂಮಿಗೂ ಬಡವನ ಹೊಲಕ್ಕೂ ಒಂದೇ ಮಳೆ. ಮಳೆ ತಪ್ಪಿದ ವರುಷ ಹಸಿದವರ ಸಂಖ್ಯೆಯು ಹತ್ತುಪಾಲು ಹೆಚ್ಚುವಾಗಲೇ ಸತ್ರದ ಕಣವು ಬರಿದಾಗುವುದು. ಕಾಯಕದ ದಾಸೋಹಕ್ಕೂ ಇದೇ ತೊಡಕು. ಕೂಲಿಯೇ ಇಲ್ಲದಿರುವಾಗ ಹಗ್ಗವನ್ನು ಕೊಳ್ಳುವವರಾರು, ಸೌದೆಯನ್ನು ಕೇಳುವವರಾರು? ನೆರೆಯವನ ಹಸಿವನ್ನು ನೆರೆಯವನು ತಣಿಸಬಲ್ಲನು. ನೆರೆಯವರೆಲ್ಲ ಒಟ್ಟಿಗೆ ಹಸಿದಾಗ ದೂರದಿಂದ ಧಾನ್ಯವನ್ನು ತರಬಲ್ಲ ಶಕ್ತಿಯೇ ಬೇಕು. ಬಹಮನಿಯ ಎತ್ತುಗಳ ಸಾಲು ಈ ಸತ್ಯವನ್ನು ಮೊದಲೇ ತೋರಿಸಿತ್ತು.

ಆಂಗ್ಲ ಸರಕಾರವು ಈ ಶಕ್ತಿಯನ್ನು ಪಡೆದಿದ್ದರೂ ಅದನ್ನು ಜಿಪುಣತನದಿಂದ ಬಳಸಿತು. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಒಂದಾಣೆಯೂ ಸಾಕೆಂದು ಗೊತ್ತುಮಾಡಿದನು. ಕಲ್ಲು ಒಡೆಯುವವನಿಗೆ ದಿನವೊಂದಕ್ಕೆ ಅರ್ಧ ಸೇರಿಗಿಂತ ಕಡಮೆ. ಲಕ್ಕಮ್ಮನೂ ಅಳತೆ ಮಾಡಿದಳು, ಟೆಂಪಲ್ಲನೂ ಅಳತೆ ಮಾಡಿದನು. ಆಕೆ ತನ್ನ ಮನೆಯ ಅಕ್ಕಿಯನ್ನು ಅಳೆದಳು. ಅವನು ಪರರ ಹೊಟ್ಟೆಯನ್ನು ಅಳೆದನು. ಟೀಕೆಗಳ ಫಲವಾಗಿ ಕ್ಷಾಮ ಆಯೋಗವು ನೇಮಕವಾಗಿ ೧೮೮೦ರಲ್ಲಿ ವರದಿಯನ್ನು ಕೊಟ್ಟಿತು. ೧೮೮೩ರಲ್ಲಿ ಕ್ಷಾಮಸಂಹಿತೆಯು ರಚಿತವಾಯಿತು. ಹಸಿದವನಿಗೆ ಅನ್ನವಿಕ್ಕುವುದು ದಾತೃವಿನ ಇಷ್ಟವಲ್ಲ, ಆಳುವವರ ಕರ್ತವ್ಯವೆಂಬ ಮಾನಸೋಲ್ಲಾಸದ ಮಾತು ಸುಮಾರು ಏಳೂವರೆ ಶತಮಾನಗಳ ಬಳಿಕ ಅರೆಮನಸ್ಸಿನಿಂದಲಾದರೂ ಕಾಯಿದೆಯ ಭಾಷೆಗೆ ಬಂದಿತು.

೬. ಉಪಸಂಹಾರ

೧೯೪೮ರಲ್ಲಿ ನಿಜಾಮರ ಆಳಿಕೆಯು ಮುಗಿದು, ೧೯೫೬ರ ನವೆಂಬರ ೧ರಂದು ಬೀದರ ಜಿಲ್ಲೆಯು ಕನ್ನಡ ರಾಜ್ಯಕ್ಕೆ ಸೇರಿತು. ೨೦೦೦ದ ಕೊನೆಯಲ್ಲಿ ಭಾರತ ಸರಕಾರವು ಕಡುಬಡವರ ಕುಟುಂಬಗಳಿಗಾಗಿ ಅಂತ್ಯೋದಯ ಅನ್ನ ಯೋಜನೆಯನ್ನು ಆರಂಭಿಸಿತು. ಈ ಕುಟುಂಬಗಳಿಗೆ ಈಗ ತಿಂಗಳಿಗೆ ೩೫ ಕಿಲೋ ಧಾನ್ಯವು ಸಲ್ಲುವುದು. ೨೦೦೧ರ ನವೆಂಬರದಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನು ಕೊಡಬೇಕೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ೨೦೧೩ರಲ್ಲಿ ಆಹಾರಭದ್ರತೆಯು ಕಾಯಿದೆಯಾಗಿ, ಅನ್ನವು ಬೇಡಿ ಪಡೆಯುವ ವಸ್ತುವಾಗಿರದೆ ಕೇಳಿ ಪಡೆಯುವ ಹಕ್ಕಾಯಿತು.

ಇವುಗಳ ನಡುವೆ ಒಂದು ಸಂಗತಿಯು ಈ ಪ್ರಾಂತಕ್ಕೆ ವಿಶೇಷವಾಗಿ ಸೇರಿದುದು. ಕರ್ನಾಟಕ ಸರಕಾರವು ೨೦೦೨ರ ಜೂನಿನಲ್ಲಿ ಶಾಲೆಯ ಮಧ್ಯಾಹ್ನದ ಊಟವನ್ನು ಮೊದಲು ಆರಂಭಿಸಿದುದು ಏಳು ಜಿಲ್ಲೆಗಳಲ್ಲಿ, ಬೀದರವು ಅವುಗಳಲ್ಲೊಂದು. ಆ ಊಟಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ನಾಗಾವಿಯ ಘಟಿಕೆಯಲ್ಲಿದ್ದಂತೆ ಇಲ್ಲಿಯೂ ಓದೂ ಊಟವೂ ಒಂದೇ ಸೂರಿನಡಿ ಇವೆ. ಆದರೆ ಇಲ್ಲಿ ಯಾವ ಕುಲದ ಮಗುವಿಗೂ ಬಾಗಿಲು ಮುಚ್ಚಿಲ್ಲ. ಮಹಾಮನೆಯಲ್ಲಿ ಹುಟ್ಟಿದ ಶಬ್ದವು ಶಾಲೆಯ ಒಲೆಯ ಬಳಿ ಮರಳಿ ಬಂದಿತು.

ಶಬ್ದವು ಬಂದ ಮಾತ್ರಕ್ಕೆ ಅರ್ಥವೂ ಬಂದಿತೆಂದು ಹೇಳಲಾಗದು. ಒಂದೇ ಶಾಲೆಯ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತರೆ, ಅಡಿಗೆಯವಳ ಜಾತಿಯನ್ನು ಕೇಳದೆ ಉಂಡರೆ, ಇಕ್ಕುವವರು ‘ನಾನು ದಾಸನು’ ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಅದು ದಾಸೋಹ; ಇಲ್ಲವಾದರೆ ಅದು ಸತ್ರದ ಅನ್ನ. ಸತ್ರದ ಅನ್ನವೂ ಹೊಟ್ಟೆಯನ್ನು ತುಂಬಿಸುವುದು, ಅದನ್ನು ಹೀಗಳೆಯಲಾಗದು. ಆದರೆ ಅಂಬಲಿಯನ್ನಿಕ್ಕಿದ ಮಾರಯ್ಯನೂ ಮಿಕ್ಕ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನೂ ಬಾಳಿದ ನೆಲದಲ್ಲಿ ಅಷ್ಟರಿಂದಲೇ ತೃಪ್ತಿಪಡುವುದು ಉಚಿತವಲ್ಲ. ಹಸಿದವನಿಗೆ ಅನ್ನವು ದೊರೆಯುವಂತೆ ಮಾಡುವ ಕೆಲಸವನ್ನು ಅರಸನ ಭೂಮಿಯೂ ಸರಕಾರದ ಕಾಯಿದೆಯೂ ಮಾಡಬಲ್ಲುವು. ಅವನು ತಲೆಯೆತ್ತಿ ಉಣ್ಣುವಂತೆ ಮಾಡುವ ಕೆಲಸವು ಮಾತ್ರ ಇಕ್ಕುವ ಕೈಗೇ ಸೇರಿದುದು.